ಇ-ಇನ್‌ವಾಯ್ಸ್ ಯಾವ ಮಾದರಿಯದು? ಗುರುತು ಹಿಡಿದ ಬಗೆ

ಪುಣೆಯ ಚಾಕಣದಲ್ಲಿರುವ ನಮ್ಮ ಲೆಕ್ಕಪತ್ರ ವಿಭಾಗಕ್ಕೆ ಜರ್ಮನಿಯ ಸೋದರ ಸಂಸ್ಥೆಯ ಖರೀದಿ ಬಿಲ್ಲುಗಳು ಬರುತ್ತವೆ. ಅಲ್ಲಿನ ಉದ್ದಿಮೆಗಳು 2025ರ ಜನವರಿ 1ರಿಂದ ದೇಶದೊಳಗಿನ ವ್ಯವಹಾರಕ್ಕೆ ಇ-ಇನ್‌ವಾಯ್ಸ್ (ಕಂಪ್ಯೂಟರ್ ನೇರವಾಗಿ ಓದಬಲ್ಲ ಬಿಲ್ಲು) ಸ್ವೀಕರಿಸಲೇಬೇಕು. ನಮ್ಮ ತಂತ್ರಾಂಶ ಕೆಲವನ್ನು ಸಲೀಸಾಗಿ ಓದಿ, ಉಳಿದವನ್ನು ‘ಅಪರಿಚಿತ ಮಾದರಿ’ ಎಂದು ಹಿಂದಿರುಗಿಸುತ್ತಿತ್ತು.

ಫೈಲಿನ ಹೆಸರು ನೋಡಿ ವಿಂಗಡಿಸಿದ್ದು ಫಲಿಸಲಿಲ್ಲ. ಒಸಿಆರ್ (ಚಿತ್ರದಿಂದ ಅಕ್ಷರ ಓದುವ ತಂತ್ರ) ಮೊತ್ತವನ್ನು ಓದಿತೇ ಹೊರತು ಮಾದರಿಯನ್ನು ಹೇಳಲಿಲ್ಲ. ಪಿಡಿಎಫನ್ನು ಮತ್ತೆ ಪ್ರಿಂಟ್ ಕೊಟ್ಟು ಉಳಿಸುವುದಂತೂ ಬೇಡವೇ ಬೇಡ. ಒಳಗಿನ ಎಕ್ಸ್‌ಎಂಎಲ್ (ಟ್ಯಾಗುಗಳಲ್ಲಿ ಬರೆದ ದತ್ತಾಂಶದ ಫೈಲು) ಲಗತ್ತೇ ಕಳೆದುಹೋಗುತ್ತದೆ.

ಕೊನೆಗೆ ಕೆಲಸ ಮಾಡಿದ ಕ್ರಮ ಇದು. ಇಮೇಲಿನಲ್ಲಿ ಬಂದ ಮೂಲ ಪಿಡಿಎಫ್ ಮೇಲೆ ಪಾಪ್ಲರ್ ಎಂಬ ಪಿಡಿಎಫ್ ತಂತ್ರಾಂಶದ, ಲಗತ್ತು ಹೊರತೆಗೆಯುವ ‘ಪಿಡಿಎಫ್‌ಡಿಟ್ಯಾಚ್’ ಆಜ್ಞೆಯನ್ನು ಮೊದಲು ‘ಲಿಸ್ಟ್’, ನಂತರ ‘ಸೇವ್‌ಆಲ್’ ಆಯ್ಕೆಯೊಂದಿಗೆ ನಡೆಸಿ. ‘ಫ್ಯಾಕ್ಟುರ್-ಎಕ್ಸ್.ಎಕ್ಸ್‌ಎಂಎಲ್’ (factur-x.xml) ಎಂಬ ಲಗತ್ತು ಸಿಕ್ಕರೆ ಅದು ಫ್ಯಾಕ್ಟುರ್-ಎಕ್ಸ್ ಅಥವಾ ಹೊಸ ಝುಗ್‌ಫೆರ್ಡ್, ಅಂದರೆ ಪಿಡಿಎಫ್‌ನೊಳಗೆ ಎಕ್ಸ್‌ಎಂಎಲ್ ಇಟ್ಟ ಬಿಲ್ಲಿನ ಮಾದರಿ. ಅಷ್ಟಕ್ಕೇ ನಿಲ್ಲದೆ ಎಕ್ಸ್‌ಎಂಎಲ್ ತೆರೆದು ಮೂಲ ಟ್ಯಾಗ್ (ಉಳಿದೆಲ್ಲವನ್ನೂ ಒಳಗೊಂಡ ಹೊರಗಿನ ಟ್ಯಾಗ್) ನೋಡಿ. ಸಿಐಐ, ಯುಬಿಎಲ್ ಎಂಬುವು ಬಿಲ್ಲಿನ ಎಕ್ಸ್‌ಎಂಎಲ್ ಬರೆಯುವ ಎರಡು ಬಗೆಗಳು. ‘ಕ್ರಾಸ್‌ಇಂಡಸ್ಟ್ರಿಇನ್‌ವಾಯ್ಸ್’ ಇದ್ದರೆ ಸಿಐಐ, ‘ಕ್ರಾಸ್‌ಇಂಡಸ್ಟ್ರಿಡಾಕ್ಯುಮೆಂಟ್’ ಇದ್ದರೆ ಹಳೆಯ ಝುಗ್‌ಫೆರ್ಡ್ 1.0, ಬರೀ ‘ಇನ್‌ವಾಯ್ಸ್’ ಅಥವಾ ‘ಕ್ರೆಡಿಟ್‌ನೋಟ್’ ಇದ್ದು ನೇಮ್‌ಸ್ಪೇಸ್‌ನಲ್ಲಿ (ಟ್ಯಾಗ್ ಯಾವ ಬಗೆಯದೆಂದು ಹೇಳುವ ಗುರುತಿನ ಸಾಲು) ‘ಯುಬಿಎಲ್’ ಕಂಡರೆ ಯುಬಿಎಲ್. ಟ್ಯಾಗಿನ ಹೆಸರಿಗೆ ಮೊದಲು ಬರುವ ಪ್ರಿಫಿಕ್ಸನ್ನು (ಕಿರುಹೆಸರು) ಮಾತ್ರ ನಂಬಬೇಡಿ, ಕಳುಹಿಸುವವರು ಅದನ್ನು ಹೇಗೆ ಬೇಕಾದರೂ ಇಡಬಹುದು. ಪೂರ್ತಿ ನೇಮ್‌ಸ್ಪೇಸನ್ನೇ ಹೋಲಿಸಿ.

ಜರ್ಮನಿಯ ಇ-ಇನ್‌ವಾಯ್ಸ್ ಮಾದರಿಯಾದ ಎಕ್ಸ್‌ರೆಕ್ನುಂಗ್ ಈ ಯುಬಿಎಲ್, ಸಿಐಐ ಎರಡರಲ್ಲೂ ಬರುತ್ತದೆ. ಅದನ್ನು ಬೇರೆ ಮಾಡಲು ಯುಬಿಎಲ್‌ನಲ್ಲಿ ‘ಕಸ್ಟಮೈಸೇಶನ್‌ಐಡಿ’ಯನ್ನು, ಸಿಐಐಯಲ್ಲಿ ‘ಗೈಡ್‌ಲೈನ್’ ಎಂದು ಆರಂಭವಾಗುವ ಟ್ಯಾಗಿನೊಳಗಿನ ಐಡಿಯನ್ನು ಓದಬೇಕು. ನಮ್ಮಲ್ಲಿ ತಿರಸ್ಕೃತವಾದವೆಲ್ಲ ಯುಬಿಎಲ್ ಆಗಿದ್ದವು. ಆಮದು ಟೆಂಪ್ಲೇಟು ಸಿಐಐಗಷ್ಟೇ ಇತ್ತು. ಯುಬಿಎಲ್‌ಗೆ ಪ್ರತ್ಯೇಕ ಟೆಂಪ್ಲೇಟು ಸೇರಿಸಿದ ಮೇಲೆ ಅವೆಲ್ಲ ಒಳಬಂದವು.