ಕೆಂಚನ ಮೂಗಿನ ಎತ್ತರದಿಂದ ನಮ್ಮನೆ ದಿನಚರಿ

ಮಗಳು ಕೆಲಸಕ್ಕೆ ಅಂತ ಬೆಂಗಳೂರಿಗೆ ಹೋದದ್ದು 2025ರ ಏಪ್ರಿಲ್‌ನಲ್ಲಿ. ಹೋದ ಮೇಲೆ ದಿನಾ ರಾತ್ರಿ ಫೋನ್ ಮಾಡಿ ಕೇಳುತ್ತಿದ್ದದ್ದು ಒಂದೇ, ಕೆಂಚ ಏನು ಮಾಡ್ತಿದಾನೆ? ಊಟ ಮಾಡಿದ, ಮಲಗಿದ ಅಂತ ಹೇಳುತ್ತಿದ್ದೆ. ಅವಳಿಗೆ ಅಷ್ಟು ಸಾಲುತ್ತಿರಲಿಲ್ಲ. ಏಳು ವರ್ಷದ ಹಿಂದೆ ಮಳೆಯಲ್ಲಿ ನೆನೆಯುತ್ತಿದ್ದ ಈ ನಾಯಿಮರಿಯನ್ನು ಮೈಸೂರಿನ ನಮ್ಮ ಚಾಮುಂಡಿಪುರಂ ರಸ್ತೆಯಿಂದ ದುಪಟ್ಟಾದಲ್ಲಿ ಸುತ್ತಿಕೊಂಡು ಬಂದವಳು ಅವಳೇ. ಒಂದು ರಾತ್ರಿ ಸುಮ್ನೆ ಒಂದು ನೋಟ್‌ಬುಕ್ ತೆಗೆದೆ. ಆ ದಿನ ಮನೆಯಲ್ಲಿ ನಡೆದದ್ದನ್ನು ಕೆಂಚನೇ ಹೇಳಿದ ಹಾಗೆ ಒಂದು ಪುಟ ಬರೆದು, ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದೆ. ಆಮೇಲೆ ನಿಲ್ಲಿಸಲೇ ಇಲ್ಲ. ಈಗ ಮೂರನೇ ನೋಟ್‌ಬುಕ್ ನಡೆಯುತ್ತಿದೆ.

ಮೊದಲ ಎರಡು ವಾರ ಬರೆದದ್ದು ಚೆನ್ನಾಗಿರಲಿಲ್ಲ. ನನ್ನ ಮಾತನ್ನೇ ಅವನ ಬಾಯಿಗೆ ತುರುಕಿದ್ದೆ. ಆ ತಿಂಗಳ ಒಂದನೇ ತಾರೀಕಿನಿಂದ ಹಾಲಿನ ದರ ಲೀಟರಿಗೆ 4 ರೂಪಾಯಿ ಏರಿತ್ತು. ಅದನ್ನೇ ಹಿಡಿದುಕೊಂಡು, ಕೆಂಚ ಎಲ್ಲರಿಗೂ ಬುದ್ಧಿ ಹೇಳುತ್ತಿರುವ ಹಾಗೆ ಒಂದೂವರೆ ಪುಟ ಬರೆದೆ. ಮಗಳು ಓದಿ, ‘ಅಮ್ಮಾ, ಇದು ಕೆಂಚ ಅಲ್ಲ, ನೀನು. ಅವನಿಗೆ ರೂಪಾಯಿ ಎಲ್ಲಿ ಗೊತ್ತು?’ ಅಂದಳು. ಹೌದಲ್ವಾ ಅನಿಸಿತು. ಆದರೆ ದರ ಏರಿದ್ದು ಅವನಿಗೆ ತಟ್ಟಲೇ ಇಲ್ವಾ? ತಟ್ಟಿತ್ತು. ದಿನಕ್ಕೆ ಎರಡು ಪ್ಯಾಕೆಟ್ ತರುತ್ತಿದ್ದವಳು ದಿನ ಬಿಟ್ಟು ದಿನ ಒಂದಕ್ಕೆ ಇಳಿಸಿದ್ದೆ, ಹೆಪ್ಪು ಹಾಕುವುದು ಕಡಿಮೆಯಾಗಿ ಅವನ ಅನ್ನಕ್ಕೆ ಗಟ್ಟಿ ಮೊಸರಿನ ಬದಲು ಮಜ್ಜಿಗೆ ಬೀಳುತ್ತಿತ್ತು. ಹಳೆಯದನ್ನು ಹರಿದು ಹಾಕಿ ಮತ್ತೆ ಬರೆದೆ:

‘ಅನ್ನ ಇವತ್ತೂ ತಟ್ಟೆಗೆ ಅಂಟಲಿಲ್ಲ. ನೀರಿನ ಹಾಗೆ ಅಂಚಿಗೆ ಓಡಿತು. ನೆಕ್ಕಿದೆ. ತಟ್ಟೆ ಬೇಗ ಒಣಗಿತು.’

‘ಇದು ಅವನೇ’ ಅಂತ ಉತ್ತರ ಬಂತು.

ಅಂದಿನಿಂದ ನನಗೆ ನಾನೇ ಒಂದು ಕಟ್ಟುಪಾಡು ಹಾಕಿಕೊಂಡೆ. ಸುದ್ದಿ ಎಷ್ಟೇ ದೊಡ್ಡದಿರಲಿ, ನಮ್ಮ ಗೇಟು ದಾಟಿ ಒಳಗೆ ಬಂದಷ್ಟನ್ನೇ ಬರೆಯಬೇಕು. ವಾಸನೆಯಾಗಿ ಬರಲಿ, ಸದ್ದಾಗಿ ಬರಲಿ, ಮನೆಯವರ ನಡಿಗೆಯಲ್ಲಿ ಬರಲಿ, ತಟ್ಟೆಗೆ ಬೀಳಲಿ. ಉಳಿದದ್ದು ಪೇಪರಿನವರ ಕೆಲಸ. ಹೇಳುವುದು ಸುಲಭ, ಕೂತು ಬರೆಯುವಾಗ ಕೈ ಮಾತ್ರ ಮತ್ತೆ ಮತ್ತೆ ಪೇಪರಿನ ಮಾತಿನ ಕಡೆಗೇ ಹೋಗುತ್ತದೆ.

ಅದಕ್ಕೆ ನಾನು ನೆಲದ ಮೇಲೆ ಕೂತೇ ಬರೆಯುವುದು, ಅವನು ಮಲಗುವ ಗೋಣಿಚೀಲದ ಪಕ್ಕದಲ್ಲಿ. ಇಪ್ಪತ್ತೆರಡು ವರ್ಷದಿಂದ ಅಡುಗೆ ಮಾಡುತ್ತಿರುವ ಮನೆ ಇದು. ಅಡುಗೆಕಟ್ಟೆಯ ಕೆಳಭಾಗ ಹೇಗಿದೆ ಅಂತ ಮೊದಲ ಸಲ ನೋಡಿದ್ದು ಹಾಗೆ ಕೂತಾಗ. ಅಲ್ಲಿ ಹಳೇ ಸಾರಿನ ಕಲೆ ಇದೆ, ಜೇಡ ಇದೆ, ಮಾವನವರ ಊರುಗೋಲಿನ ರಬ್ಬರ್ ಬುಡ ಸವೆದು ಕಬ್ಬಿಣ ಕಾಣುತ್ತಿದೆ. ಆ ಕೋಲಿನ ಸದ್ದು ಬದಲಾಗಿದೆ ಅನ್ನುವುದು ಕೆಂಚನಿಗೆ ವಾರದ ಹಿಂದೆಯೇ ಗೊತ್ತಿತ್ತು. ಮಾವ ಎದ್ದರೆ ಸಾಕು, ಕಿವಿ ನಿಮಿರಿಸಿ ಕೋಲನ್ನೇ ನೋಡುತ್ತಿದ್ದ. ನಾನು ಅದನ್ನು ಗಮನಿಸಿದ್ದು ಬರೆಯೋಕೆ ಅಂತ ಕೂತ ಮೇಲೆ. ಮಾರನೇ ದಿನ ರಬ್ಬರ್ ಹಾಕಿಸಿದೆ.

ಸ್ವಲ್ಪ ಓದಿಕೊಂಡೆ ಕೂಡ. ನಾಯಿಯ ಕಣ್ಣಿಗೆ ನೀಲಿ, ಹಳದಿ ಚೆನ್ನಾಗಿ ಕಾಣುತ್ತವೆ, ಕೆಂಪು ಮತ್ತು ಹಸಿರಿನ ವ್ಯತ್ಯಾಸ ಗೊತ್ತಾಗುವುದಿಲ್ಲ. ಕೆಂಪು ಅದಕ್ಕೆ ಮಂಕು ಕಂದಿನ ಹಾಗೆ ಏನೋ ಒಂದು. ನಮ್ಮ ಕಿವಿ 20,000 ಹರ್ಟ್ಸ್‌ಗೆ ನಿಂತುಬಿಡುತ್ತದೆ, ಅದರ ಕಿವಿ ಅದಕ್ಕೆ ಎರಡರಷ್ಟು ದಾಟಿ ಹೋಗುತ್ತದೆ. ಹಂಗೇರಿಯ ವಿಜ್ಞಾನಿಗಳು 13 ನಾಯಿಗಳಿಗೆ ಎಂಆರ್‌ಐ ಯಂತ್ರದೊಳಗೆ ಅಲುಗಾಡದೆ ಮಲಗುವುದನ್ನು ಕಲಿಸಿ, ಅವುಗಳ ಮಿದುಳನ್ನು ನೋಡಿ, 2016ರಲ್ಲಿ ಒಂದು ವಿಷಯ ಹೇಳಿದರು. ನಾಯಿ ಮಾತನ್ನೂ ಕೇಳಿಸಿಕೊಳ್ಳುತ್ತದೆ, ದನಿಯನ್ನೂ ಕೇಳಿಸಿಕೊಳ್ಳುತ್ತದೆ. ಹೊಗಳುವ ಮಾತು ಹೊಗಳುವ ದನಿಯಲ್ಲೇ ಬಂದರೆ ಮಾತ್ರ ಅದರ ಮಿದುಳಿನಲ್ಲಿ ಖುಷಿಯ ಭಾಗ ಎಚ್ಚರವಾಗುತ್ತದೆ. ಇದನ್ನು ಓದಿದ ಮೇಲೆ ಟಿವಿ ಸುದ್ದಿಯನ್ನು ಅವನಿಗಾಗಿ ಬರೆಯುವುದು ಹೇಗೆ ಅಂತ ತಿಳಿಯಿತು. ಮಾತು ಬಿಟ್ಟು ದನಿ ಮಾತ್ರ ಬರೆದರಾಯಿತು.

ಇನ್ನೊಂದು ತಪ್ಪು ತಿದ್ದಿದ್ದು ಅಮೆರಿಕದ ಅಲೆಕ್ಸಾಂಡ್ರಾ ಹೊರೊವಿಟ್ಜ್ ಅವರ 2009ರ ಅಧ್ಯಯನ. ತಪ್ಪು ಮಾಡಿದ ನಾಯಿ ತಲೆ ತಗ್ಗಿಸಿ ನೋಡುತ್ತದಲ್ಲ, ಅದು ಪಶ್ಚಾತ್ತಾಪ ಅಲ್ಲ, ನಮ್ಮ ಗದರಿಕೆಗೆ ಅದು ಕೊಡುವ ಉತ್ತರ. ಏನೂ ತಪ್ಪು ಮಾಡದ ನಾಯಿಗಳೂ ಬೈಸಿಕೊಂಡಾಗ ಹಾಗೇ ನೋಡಿದವು. ನನ್ನ ಹಳೇ ಪುಟಗಳಲ್ಲಿ ‘ಚಪ್ಪಲಿ ಕಚ್ಚಿದೆ, ನಾಚಿಕೆಯಾಯಿತು’ ಅಂತ ಒಂದು ಸಾಲಿತ್ತು. ಅದನ್ನು ಹೊಡೆದು, ‘ಅಮ್ಮನ ದನಿ ದಪ್ಪಗಾಯಿತು. ನೆಲಕ್ಕೆ ಒತ್ತಿಕೊಂಡೆ’ ಅಂತ ಮಾಡಿದೆ. ಎಷ್ಟೋ ವರ್ಷ ಅವನು ಅಪರಾಧಿ ಅಂತಲೇ ನೋಡುತ್ತಿದ್ದೆ, ಅವನು ಬರೀ ಹೆದರಿದ್ದ. ಆ ಸಾಲು ತಿದ್ದುವಾಗ ನಿಜಕ್ಕೂ ಸಂಕಟವಾಯಿತು.

ಜೂನ್ 3ರ ರಾತ್ರಿ ನಿಮಗೆಲ್ಲ ನೆನಪಿರುತ್ತದೆ. ಹದಿನೆಂಟನೇ ವರ್ಷಕ್ಕೆ ಆರ್‌ಸಿಬಿ ಕಪ್ ಗೆದ್ದಿತು. ನಮ್ಮ ಬೀದಿಯಲ್ಲೂ ಮಧ್ಯರಾತ್ರಿ ದಾಟುವವರೆಗೂ ಪಟಾಕಿ. ಕೆಂಚ ಮಂಚ ಮತ್ತು ಗೋಡೆಯ ಸಂದಿಯಲ್ಲಿ ತೂರಿಕೊಂಡು ನಡುಗುತ್ತಿದ್ದ. ಕಿಟಕಿ ಮುಚ್ಚಿ, ಫ್ಯಾನ್ ಜೋರಾಗಿ ಹಾಕಿ, ರೇಡಿಯೋ ಹಚ್ಚಿ, ನಾನೂ ಅಲ್ಲೇ ನೆಲದ ಮೇಲೆ ಮಲಗಿದೆ. ಆ ಪುಟದಲ್ಲಿ ‘ಎಲ್ಲರೂ ಕೆಂಪು ಅಂಗಿ ಹಾಕಿಕೊಂಡು’ ಅಂತ ಬರೆದು ಹೊಡೆದು ಹಾಕಿದ್ದೇನೆ. ಅವನಿಗೆ ಕೆಂಪಿಲ್ಲ. ಅವನಿಗಿದ್ದದ್ದು ಮದ್ದಿನ ಹೊಗೆ, ನಡುಗುವ ನೆಲ, ಪಕ್ಕದಲ್ಲಿ ಅಮ್ಮನ ಉಸಿರು.

ಮಾರನೇ ದಿನ ಸಂಜೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತ. ಮಗಳು ಬೆಳಿಗ್ಗೆ ಫೋನಿನಲ್ಲಿ, ಆಫೀಸಿನವರೆಲ್ಲ ಹೋಗ್ತಿದಾರೆ, ನಾನೂ ಹೋಗಬಹುದು ಅಂದಿದ್ದಳು. ಟಿವಿಯಲ್ಲಿ ನೋಡಿದ್ದೇ ಫೋನ್ ಹಚ್ಚಿದೆ. ಹತ್ತಲಿಲ್ಲ. ನಲವತ್ತು ನಿಮಿಷ ಹತ್ತಲಿಲ್ಲ. ಆ ರಾತ್ರಿ ಬರೆಯುವುದೇ ಬೇಡ ಅಂದುಕೊಂಡೆ, ಆಮೇಲೆ ಹನ್ನೊಂದು ಗಂಟೆಗೆ ಬರೆದೆ:

‘ಅಮ್ಮ ನಡೆಯುತ್ತಾಳೆ. ನಡುಮನೆ, ಅಡುಗೆಮನೆ, ಮತ್ತೆ ನಡುಮನೆ. ನಾನೂ ಹಿಂದೆ ಹಿಂದೆ. ಕೈ ಮೂಸಿದೆ. ತಣ್ಣಗಿದೆ. ಬೆವರು ದಿನದ ಬೆವರಲ್ಲ. ಗೋಡೆಯ ಡಬ್ಬದಲ್ಲಿ ಅಳುವವರ ದನಿ. ಅಪ್ಪ ಅದನ್ನು ಸುಮ್ಮನಾಗಿಸಿದ. ಸೀದ ವಾಸನೆ. ಯಾರೂ ಒಲೆ ಹತ್ತಿರ ಹೋಗಲಿಲ್ಲ. ಆಮೇಲೆ ಅಮ್ಮನ ಕಿವಿಯೊಳಗಿಂದ ಅಕ್ಕನ ದನಿ. ಅಮ್ಮ ನೆಲದ ಮೇಲೆ ಕೂತಳು. ಮುಖ ಉಪ್ಪಾಗಿತ್ತು.’

ಮಗಳು ಜಯನಗರದ ಆಫೀಸಿನಲ್ಲೇ ಇದ್ದಳು, ಹೋಗಿರಲಿಲ್ಲ. 11 ಮನೆಗಳಲ್ಲಿ ಆ ಫೋನ್ ಬರಲೇ ಇಲ್ಲ. ಆ ಸಂಖ್ಯೆ ಕೆಂಚನ ಪುಟದಲ್ಲಿ ಇಲ್ಲ, ಇರುವ ಹಾಗೂ ಇಲ್ಲ. ಆದರೆ ಒಲೆಯ ಮೇಲೆ ಸೀದದ್ದು ಬರೆಯುವಾಗ ನನಗೆ ಆ ಮನೆಗಳ ಅಡುಗೆಮನೆಗಳೇ ಕಣ್ಣ ಮುಂದೆ ಬಂದವು. ಬೆವರಿನ ವಾಸನೆಯ ಮಾತು ಕಟ್ಟಿ ಹೇಳಿದ್ದಲ್ಲ. ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದವರು 2022ರಲ್ಲಿ ನಾಲ್ಕು ನಾಯಿಗಳಿಗೆ ಜನರ ಬೆವರು ಮತ್ತು ಉಸಿರಿನ ಮಾದರಿ ಮೂಸಲು ಕೊಟ್ಟಿದ್ದರು. ಒಬ್ಬರೇ ಮನುಷ್ಯರು ನೆಮ್ಮದಿಯಾಗಿದ್ದಾಗಿನದು ಯಾವುದು, ಒತ್ತಡದಲ್ಲಿದ್ದಾಗಿನದು ಯಾವುದು ಅಂತ ಅವು ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಸಲ ಸರಿಯಾಗಿ ಗುರುತಿಸಿದವು.

ದಸರೆಯ ಪುಟಗಳು ನನಗೆ ತುಂಬಾ ಇಷ್ಟ. ಸೆಪ್ಟೆಂಬರಿನಲ್ಲಿ ಒಂದು ದಿನ ಆನೆಗಳ ತಾಲೀಮು ನೋಡೋಕೆ ಸಯ್ಯಾಜಿರಾವ್ ರಸ್ತೆಗೆ ಹೋಗಿದ್ದೆ. ಮುಂದೆ ಅಭಿಮನ್ಯು, ಬೆನ್ನ ಮೇಲೆ ಮರಳಿನ ಮೂಟೆ. ಜಂಬೂಸವಾರಿಯ ದಿನ ಹೊರುವ ಚಿನ್ನದ ಅಂಬಾರಿ 750 ಕಿಲೋ ಇರುವುದರಿಂದ ಹೀಗೆ ಭಾರ ಹೊರಿಸಿ ಅಭ್ಯಾಸ ಮಾಡಿಸುತ್ತಾರೆ. ಗುಂಪಿನಲ್ಲಿ ನಡೆಯುವಾಗ ಲದ್ದಿ ತುಳಿದಿದ್ದೆ. ಮನೆಗೆ ಬಂದು ಚಪ್ಪಲಿ ಬಿಟ್ಟದ್ದಷ್ಟೇ. ಕೆಂಚ ಆ ಚಪ್ಪಲಿಯ ಮುಂದೆ ಅರ್ಧ ಗಂಟೆ ನಿಂತಿದ್ದ. ಮೂಸುತ್ತಾನೆ, ಹಿಂದೆ ಸರಿಯುತ್ತಾನೆ, ಬಾಗಿಲ ಕಡೆ ನೋಡುತ್ತಾನೆ, ಮತ್ತೆ ಮೂಸುತ್ತಾನೆ. ಬೆನ್ನ ಮೇಲಿನ ಕೂದಲು ಎದ್ದಿತ್ತು. ನಾವು ಗಂಟೆಗಟ್ಟಲೆ ಬಿಸಿಲಲ್ಲಿ ನಿಂತು ನೋಡಿದ ಆನೆಯನ್ನು ಅವನು ಮನೆಯಲ್ಲೇ ನೋಡಿದ. ‘ಅಮ್ಮನ ಕಾಲಿಗೆ ಕಾಡು ಅಂಟಿದೆ. ಬಹಳ ದೊಡ್ಡದು. ಸೊಪ್ಪು ತಿಂದಿದೆ, ಬೆಲ್ಲ ತಿಂದಿದೆ. ಒಳಗೆ ಬಂದಿಲ್ಲ. ಬಾಗಿಲ ಆಚೆ ಇರಬಹುದು.’ ಕುಶಾಲತೋಪಿನ ತಾಲೀಮಿನ ದಿನ ಮಾತ್ರ ಪುಟ ಚಿಕ್ಕದು. ಏಳು ಫಿರಂಗಿ, ಮೂರು ಸುತ್ತು, ಒಟ್ಟು 21 ಸಲ. ಎರಡನೆಯ ಸದ್ದಿಗೇ ಮಂಚದಡಿ ಹೋದವನು ಊಟಕ್ಕೂ ಬರಲಿಲ್ಲ.

ಆ ಸಲ ದಸರೆ ಉದ್ಘಾಟನೆಯಾದ ಸೆಪ್ಟೆಂಬರ್ 22ಕ್ಕೇ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಯೂ ಶುರುವಾಯಿತು. ಅದಕ್ಕೂ ಮೊದಲೇ ಬಾಗಿಲಿಗೆ ಸ್ಟಿಕ್ಕರ್ ಅಂಟಿಸಿ ಹೋಗಿದ್ದರು, ಅದರ ಗೋಂದನ್ನು ಕೆಂಚ ಎರಡು ದಿನ ವಿಚಾರಿಸಿಕೊಂಡ. ಆಮೇಲೆ ಒಂದು ಮಧ್ಯಾಹ್ನ ಟೀಚರ್ ಒಬ್ಬರು ಬಂದರು. 60 ಪ್ರಶ್ನೆ. ಅವರ ಮೊಬೈಲಿನಲ್ಲಿ ಸಮೀಕ್ಷೆಯ ಆ್ಯಪ್ ತೆರೆಯದೆ ಸುತ್ತುತ್ತಲೇ ಇತ್ತು, ಪಾಪ ಬೆಳಿಗ್ಗೆಯಿಂದ ಊಟ ಆಗಿರಲಿಲ್ಲ. ಮೊದಲು ಬೊಗಳಿದ ಕೆಂಚ, ಕೂತ ಮೇಲೆ ಅವರ ಸೀರೆಯ ಅಂಚು ಹಿಡಿದು ಮೂಸತೊಡಗಿದ. ಒಂದು ಮಡಿಕೆ ಬಿಡಲಿಲ್ಲ. ಅವರಿಗೂ ನಾಯಿ ಅಂದರೆ ಇಷ್ಟವಂತೆ, ಬಿಟ್ಟುಬಿಡಿ ಅಂದರು. ಉಪ್ಪಿಟ್ಟು ಕೊಟ್ಟೆ. ನಮ್ಮ ಬೀದಿಯ ಅಷ್ಟೂ ಮನೆ ಹತ್ತಿ ಇಳಿದು ಬಂದ ಸೀರೆ ಅದು. ಆ ರಾತ್ರಿ ಬರೆದದ್ದು ಇಷ್ಟು: ‘ಬಟ್ಟೆಯ ಅಂಚಿನಲ್ಲಿ ಮೂಲೆ ಮನೆಯ ಬೆಕ್ಕು. ಮೀನು ಹುರಿದ ಮನೆ. ಹೊಸ ಮಗು, ಹಾಲು, ಸಾಂಬ್ರಾಣಿ. ಸುಣ್ಣ ಬಳಿದ ಮನೆ. ಯಾರೋ ಬಹಳ ದಿನದಿಂದ ಮಲಗಿದ್ದಾರೆ, ಔಷಧಿ. ಎಲ್ಲ ಮನೆ ಬಂದು ನಮ್ಮ ನೆಲದ ಮೇಲೆ ಕೂತಿತ್ತು.’ ಬಹಳ ದಿನದಿಂದ ಮಲಗಿದವರು ಎದುರು ಸಾಲಿನ ಅಜ್ಜ. ನಾನು ನೋಡಿ ಬಂದಿರಲಿಲ್ಲ. ಮಾರನೇ ದಿನ ಹೋದೆ.

ಬರೆಯಲು ತೀರಾ ಕಷ್ಟವಾದದ್ದು ಬೀದಿನಾಯಿಗಳ ಸುದ್ದಿ. ಆಗಸ್ಟ್ 11ರಂದು ಸುಪ್ರೀಂ ಕೋರ್ಟು ದೆಹಲಿ ಸುತ್ತಮುತ್ತಲಿನ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯಕ್ಕೆ ಸಾಗಿಸಿ ಅಂದಿತು. ಆಗಸ್ಟ್ 22ಕ್ಕೆ ಅದನ್ನು ಬದಲಿಸಿ, ಸಂತಾನಹರಣ ಮಾಡಿಸಿ, ಲಸಿಕೆ ಹಾಕಿಸಿ, ಹಿಡಿದ ಜಾಗಕ್ಕೇ ಬಿಡಿ, ಹುಚ್ಚು ಹಿಡಿದವನ್ನು, ಮೇಲೆ ಬೀಳುವವನ್ನು ಬಿಡಬೇಡಿ ಅಂತ ಹೇಳಿತು. ನಮ್ಮ ಗೇಟಿನ ಹೊರಗೆ ಒಬ್ಬಳಿದ್ದಾಳೆ. ಆಪರೇಷನ್ ಆದ ಗುರುತಿಗೆ ಕಿವಿಯ ತುದಿ ಕತ್ತರಿಸಿರುವುದರಿಂದ ಬೀದಿಯ ಮಕ್ಕಳು ಮೊಂಡುಗಿವಿ ಅನ್ನುತ್ತಾರೆ. ಕೆಂಚನ ಪುಟದಲ್ಲಿ ಅವಳು ‘ಗೇಟಿನ ಆಚೆಯವಳು’. ಬೆಳಿಗ್ಗೆ ಆರಕ್ಕೆ ಇಬ್ಬರೂ ಸರಳಿನ ನಡುವೆ ಮೂಗು ತಾಗಿಸಿ ನಿಲ್ಲುತ್ತಿದ್ದರು, ಐದು ನಿಮಿಷ, ಆಮೇಲೆ ಅವಳು ಶಾಲೆಯ ಕಡೆ ಹೋಗುತ್ತಿದ್ದಳು.

ಕೆಂಚನ ಬಾಯಲ್ಲಿ ಒಂದು ಭಾಷಣ ಬರೆಸಬೇಕು ಅಂತ ಕೈ ತುರಿಸುತ್ತಿತ್ತು. ಆದರೆ ಅದೇ ವಾರ ಹಿಂದಿನ ಬೀದಿಯ ಮಗುವಿಗೆ ಬೇರೆ ಯಾವುದೋ ನಾಯಿ ಕಚ್ಚಿತ್ತು, ಅದರ ಅಜ್ಜಿ ನಮ್ಮ ಮನೆಗೆ ಬಂದು ಅತ್ತರು. ಅವರ ಹೆದರಿಕೆ ನಿಜ. ಲಸಿಕೆ, ಆಪರೇಷನ್ ಎಲ್ಲ ಊರಲ್ಲೂ ಸರಿಯಾಗಿ ಆಗಿದ್ದರೆ ಆ ಅಜ್ಜಿಯೂ ಅಳುತ್ತಿರಲಿಲ್ಲ, ಮೊಂಡುಗಿವಿಯಂಥವರ ಮೇಲೂ ಕಣ್ಣು ಬೀಳುತ್ತಿರಲಿಲ್ಲ ಅನ್ನುವುದು ನನ್ನ ಗಟ್ಟಿ ನಂಬಿಕೆ. ಅದು ನನ್ನ ಮಾತು, ಅವನದಲ್ಲ. ಅವನ ಪುಟದಲ್ಲಿ, ‘ಅಜ್ಜಿಯ ಕೈ ನಡುಗಿತು. ಮೂಸಲು ಹೋದೆ. ಕಾಲು ಮೇಲೆ ಎಳೆದುಕೊಂಡಳು. ಅಮ್ಮ ನನ್ನನ್ನು ಒಳಗೆ ಕಟ್ಟಿದಳು’ ಅಂತಷ್ಟೇ ಇದೆ.

ನವೆಂಬರ್ 7ಕ್ಕೆ ಇನ್ನೊಂದು ಆದೇಶ ಬಂತು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿರುವ ನಾಯಿಗಳನ್ನು ತೆಗೆಯಬೇಕು, ಮತ್ತೆ ಅಲ್ಲಿಗೇ ಬಿಡಬಾರದು. ಅದಾಗಿ ಕೆಲವು ವಾರಕ್ಕೆ ಒಂದು ಬೆಳಿಗ್ಗೆ ಮೊಂಡುಗಿವಿ ಬರಲಿಲ್ಲ. ಯಾರಾದರೂ ಹಿಡಿದುಕೊಂಡು ಹೋದರೋ, ಗಾಡಿಗೆ ಸಿಕ್ಕಳೋ, ತಾನೇ ಬೇರೆ ಕಡೆ ಹೋದಳೋ, ಕೇಳಿದರೆ ಯಾರಿಗೂ ಗೊತ್ತಿಲ್ಲ. ವಾಸನೆ ಮಾಸುವುದನ್ನು ಹಿಡಿದೇ ನಾಯಿ ಹೊತ್ತು ಕಳೆದದ್ದನ್ನು ತಿಳಿಯಬಹುದು ಅನ್ನುವವರಿದ್ದಾರೆ. ನಾನು ಹಾಗೇ ಬರೆದೆ. ಮೊದಲ ದಿನ, ‘ಕಂಬದ ಮೇಲೆ ಅವಳಿದ್ದಾಳೆ.’ ಎರಡನೆಯ ದಿನ, ‘ಕಂಬದ ಮೇಲೆ ಅವಳು ತೆಳ್ಳಗಿದ್ದಾಳೆ.’ ನಾಲ್ಕನೆಯ ದಿನ ಮಳೆ ಬಂತು.

ಮಗಳು ಈಗ ಫೋನಿನಲ್ಲಿ ಮೊದಲು ಕೇಳುವುದು, ಅವಳು ಬಂದಳಾ ಅಂತ. ಕೆಂಚ ಇವತ್ತೂ ಆರು ಗಂಟೆಗೆ ಗೇಟಿಗೆ ಹೋದ. ಸರಳಿನ ನಡುವೆ ಮೂಗಿಟ್ಟು ಐದು ನಿಮಿಷ ನಿಂತು, ಒಳಗೆ ಬಂದು ನೀರು ಕುಡಿದ.