ಮೂಲೆಗೆ ಬಿದ್ದ ಅಗ್ಗದ ಎಲೆಕ್ಟ್ರಿಕ್ ಗಿಟಾರ್ ಮನೆಯಲ್ಲೇ ಸರಿ ಮಾಡೋದು ಹೇಗೆ

ಹಳೇ ಗಿಟಾರ್ ಕೈಗೆ ಸಿಕ್ಕ ತಕ್ಷಣ ತಂತಿ ಕಿತ್ತು ಬಿಚ್ಚೋಕೆ ಕೂರಬೇಡಿ. ತುಕ್ಕು ಹಿಡಿದ ತಂತಿ ಇದ್ದ ಹಾಗೇ ಒಮ್ಮೆ ಆಂಪ್‌ಗೆ (ಸದ್ದು ದೊಡ್ಡದು ಮಾಡುವ ಆಂಪ್ಲಿಫೈಯರ್) ಸಿಕ್ಕಿಸಿ. ಪಿಕಪ್ (ತಂತಿಯ ಕೆಳಗೆ ಕೂತು ಸದ್ದು ಹಿಡಿಯುವ ಅಯಸ್ಕಾಂತ, ಸುರುಳಿ) ಆರಿಸುವ ಸ್ವಿಚ್ ಒಂದೊಂದೇ ಜಾಗಕ್ಕೆ ತಳ್ಳಿ, ವಾಲ್ಯೂಮ್ ಮತ್ತು ಟೋನ್ ತಿರುಗಿಸಿ, ಕೇಬಲ್ ಸಿಕ್ಕಿಸಿದ ಜಾಗದಲ್ಲಿ ಸ್ವಲ್ಪ ಅಲುಗಾಡಿಸಿ. ಎಲ್ಲಿ ಕರಕರ ಸದ್ದು, ಎಲ್ಲಿ ಸದ್ದೇ ಇಲ್ಲ, ಒಂದು ಚೀಟಿಯಲ್ಲಿ ಬರೆದಿಡಿ. ಬಿಚ್ಚಿದ ಮೇಲೆ ಈ ಚೀಟಿಯೇ ದಾರಿ ತೋರಿಸೋದು.

ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಇಂಥ ಗಿಟಾರ್‌ಗಳು ಬೇಕಾದಷ್ಟಿವೆ. ಇಂಜಿನಿಯರಿಂಗ್ ಓದುವಾಗ ತಗೊಂಡಿದ್ದು, ಕೆಲಸ ಸಿಕ್ಕು ಬೆಂಗಳೂರಿಗೋ ಪುಣೆಗೋ ಹೋದ ಮೇಲೆ ಅಟ್ಟ ಸೇರಿದ್ದು. ರಿಪೇರಿಗೆ ಒಯ್ದರೆ "ಇದಕ್ಯಾಕ್ರಿ ರೊಕ್ಕ ಹಾಕ್ತೀರಿ, ಹೊಸಾದು ತಗೋರಿ" ಅನ್ನುವವರೇ ಜಾಸ್ತಿ. ನಾನಂತೂ ಒಪ್ಪೋದಿಲ್ಲ. ಅಗ್ಗದ ಗಿಟಾರ್ ನುಡಿಸೋಕೆ ಕಷ್ಟ ಅನ್ನಿಸೋದು ಹೆಚ್ಚಾಗಿ ಮರ ಕೆಟ್ಟದ್ದು ಅಂತಲ್ಲ, ಅದನ್ನು ಯಾರೂ ಕೂತು ಹದ ಮಾಡಿಲ್ಲ ಅಂತ. ಹದ ಮಾಡೋಕೆ ಬೇಕಾದ್ದು ತಾಳ್ಮೆ. ದುಡ್ಡು ಹೋಗೋದು ಹೊಸ ತಂತಿಗೆ ಮತ್ತು ಸಣ್ಣಪುಟ್ಟ ಸಾಮಾನಿಗೆ ಮಾತ್ರ.

ಆದರೆ ಒಂದು ಸಂಗತಿ ಮೊದಲೇ ನೋಡಿಕೊಳ್ಳಿ. ಗಿಟಾರ್ ತಲೆಯ ಕಡೆಯಿಂದ ಒಂದು ಕಣ್ಣು ಮುಚ್ಚಿ ನೆಕ್ (ಕೈ ಹಿಡಿಯುವ ಉದ್ದನೆಯ ಕತ್ತು) ಉದ್ದಕ್ಕೂ ನೋಡಿ. ಸ್ವಲ್ಪ ಬಾಗಿದ್ದರೆ ಚಿಂತೆಯಿಲ್ಲ, ಅದು ಸರಿಹೋಗುತ್ತದೆ. ಒಂದು ಅಂಚು ಮೇಲೆ, ಇನ್ನೊಂದು ಕೆಳಗೆ ಅಂತ ತಿರುಚಿಕೊಂಡಿದ್ದರೆ ಮಾತ್ರ ಆ ನೆಕ್ ಮೇಲೆ ಸಮಯ ಹಾಕಬೇಡಿ.

ಸಾಮಾನು ಹುಡುಕೋದು ಕಷ್ಟ ಇಲ್ಲ. ಹುಬ್ಬಳ್ಳಿಯ ದುರ್ಗದ ಬೈಲಿನ ಕಡೆ ಒಂದು ಸುತ್ತು ಹಾಕಿದರೆ ಸ್ಕ್ರೂ ಡ್ರೈವರ್, ಅಲೆನ್ ಕೀ ಸೆಟ್, ಮಾಸ್ಕಿಂಗ್ ಟೇಪ್, 25 ವ್ಯಾಟ್‌ನ ಸೋಲ್ಡರಿಂಗ್ ಐರನ್, ಸಾದಾ ಮಲ್ಟಿಮೀಟರ್ ಎಲ್ಲಾ ಸಿಗುತ್ತವೆ. ಬೈಕ್ ಮೆಕ್ಯಾನಿಕ್‌ಗಳು ವಾಲ್ವ್ ಗ್ಯಾಪ್ ನೋಡೋಕೆ ಬಳಸುವ ಫೀಲರ್ ಗೇಜ್ ಕೂಡ ತಗೊಳ್ಳಿ. ಅರ್ಧ ಮಿಲಿಮೀಟರ್ ಗೆರೆ ಇರುವ ಸ್ಟೀಲ್ ಸ್ಕೇಲ್ ಬೇಕೇ ಬೇಕು.

ಈಗ ಕರೆಂಟಿನ ಕೆಲಸ. ಎಲ್ಲಕ್ಕಿಂತ ಹೆಚ್ಚು ಕೆಡೋದು ಕೇಬಲ್ ಸಿಕ್ಕಿಸುವ ಜ್ಯಾಕ್, ಅದಕ್ಕೆ ಅಲ್ಲಿಂದಲೇ ಶುರು ಮಾಡಿ. ಹೊರಗಿನ ನಟ್ ಸಡಿಲಾದರೆ ಕೇಬಲ್ ಹಾಕಿ ತೆಗೆಯುವಾಗೆಲ್ಲ ಇಡೀ ಜ್ಯಾಕ್ ಒಳಗೆ ತಿರುಗುತ್ತದೆ, ತಿರುಗಿ ತಿರುಗಿ ವೈರ್ ಹಿಂಡಿಕೊಂಡು ಬೆಸುಗೆ ಹಾಕಿದ ಜಾಗದಲ್ಲೇ ಕಿತ್ತು ಬರುತ್ತದೆ. ಎರಡು ಸ್ಕ್ರೂ ತೆಗೆದು ಪ್ಲೇಟ್ ಎತ್ತಿ, ಮೊಬೈಲಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಕೇಬಲ್ ತುದಿಗೆ ತಾಗುವ ಬಾಗಿದ ತಗಡಿನ ನಾಲಿಗೆಗೆ ಹೋಗೋದು ಸಿಗ್ನಲ್ ವೈರ್, ಹೊರಗಿನ ಬಳೆಗೆ ಹೋಗೋದು ಅರ್ಥ್. ಕಿತ್ತು ಬಂದ ವೈರಿನ ತುದಿ ಕತ್ತರಿಸಿ, ಹೊಸದಾಗಿ ಸುಲಿದು, ಎರಡೂ ಕಡೆ ಮೊದಲು ತೆಳ್ಳಗೆ ಸೋಲ್ಡರ್ ಹಿಡಿಸಿ ಆಮೇಲೆ ಸೇರಿಸಿ. ಬೆಸುಗೆ ಆರಿದಾಗ ಹೊಳೆಯಬೇಕು. ಮಂಕಾಗಿ ಉಂಡೆ ಕಟ್ಟಿದ್ದರೆ ಮತ್ತೆ ಬಿಸಿ ಮಾಡಿ. ನಾಲಿಗೆ ಸಡಿಲ ಅನ್ನಿಸಿದರೆ ಒಂಚೂರು ಒಳಕ್ಕೆ ಬಾಗಿಸಿ. ಸಾಕು.

ತಿರುಗಿಸುವಾಗ ಕರಕರ ಅನ್ನುವ ಪಾಟ್ (ವಾಲ್ಯೂಮ್, ಟೋನ್ ಗುಂಡಿಯ ಕೆಳಗಿನ ಭಾಗ) ಬದಲಾಯಿಸಲು ಅವಸರ ಬೇಡ. ಒಳಗೆ ಧೂಳು ಕೂತಿರುತ್ತದೆ ಅಷ್ಟೇ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಿಗುತ್ತದೆ. ಪಾಟ್ ಬದಿಯ ಸಂದಿಗೆ ಚೂರು ಹೊಡೆದು, ಆ ಕೊನೆಯಿಂದ ಈ ಕೊನೆಗೆ ಚೆನ್ನಾಗಿ ತಿರುಗಿಸಿ. ಸ್ವಿಚ್ಚಿಗೂ ಇದೇ ಮದ್ದು. ಪಿಕಪ್ ಸತ್ತಿದೆಯಾ ಅಂತ ಅನುಮಾನ ಇದ್ದರೆ ಕೇಬಲ್ ಗಿಟಾರ್‌ಗೆ ಮಾತ್ರ ಸಿಕ್ಕಿಸಿ, ವಾಲ್ಯೂಮ್ ಪೂರ್ತಿ ಇಟ್ಟು, ಕೇಬಲ್‌ನ ಆ ಕಡೆಯ ಪಿನ್ನಿನ ತುದಿಗೂ ಬುಡಕ್ಕೂ ಮಲ್ಟಿಮೀಟರ್ ಹಿಡಿಯಿರಿ. ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್ ಆದರೆ ಸುಮಾರು 5ರಿಂದ 8 ಕಿಲೋ ಓಮ್ ತೋರಿಸುತ್ತದೆ, ಎರಡು ಸುರುಳಿಯ ಹಂಬಕರ್ ಆದರೆ ಇನ್ನೂ ಜಾಸ್ತಿ. ಏನೂ ತೋರಿಸದಿದ್ದರೆ ಎಲ್ಲೋ ವೈರ್ ಬಿಟ್ಟಿದೆ.

ತಂತಿ ಮುಟ್ಟಿದಾಗ ಗುಂಯ್ ಅನ್ನುವ ಸದ್ದು ಕಡಿಮೆಯಾದರೆ ಗಿಟಾರ್ ಒಳಗಿನ ಅರ್ಥ್ ವೈರ್ ಸರಿಯಾಗಿದೆ ಅಂತಲೇ ತಿಳಿಯಿರಿ. ಆದರೆ ಬೆರಳಿಗೆ ಜುಮ್ ಅಂದರೆ ಕೂಡಲೇ ಆಂಪ್ ಬಂದ್ ಮಾಡಿ. ಎಷ್ಟೋ ಹಳೇ ಮನೆಗಳಲ್ಲಿ ಪ್ಲಗ್ಗಿಗೆ ಮೂರು ತೂತು ಇದ್ದರೂ ಅರ್ಥಿಂಗ್ ಇರೋದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಮನೆಯ ಅರ್ಥಿಂಗೂ ಆಂಪೂ ಎರಡೂ ತೋರಿಸುವ ತನಕ ನುಡಿಸಬೇಡಿ. ಇದರಲ್ಲಿ ಸಡಿಲ ಬೇಡವೇ ಬೇಡ, ಜೀವದ ಪ್ರಶ್ನೆ.

ಈಗ ತಂತಿ ತೆಗೆದು ಸ್ವಚ್ಛ ಮಾಡಿ. ಫ್ರೆಟ್‌ಬೋರ್ಡ್ (ನೆಕ್ ಮೇಲೆ ಬೆರಳು ಒತ್ತುವ ಪಟ್ಟಿ) ಮರಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ ಬರೀ ಫ್ರೆಟ್, ಅಂದರೆ ಅಡ್ಡಲಾಗಿರುವ ಲೋಹದ ಪಟ್ಟಿಗಳು, ಕಾಣುವ ಹಾಗೆ ಬಿಡಿ, ಹಿತ್ತಾಳೆ ಪಾತ್ರೆಗೆ ಬಳಸುವ ಬ್ರಾಸೋ ಹಚ್ಚಿ ಬಟ್ಟೆಯಿಂದ ತಿಕ್ಕಿ. ಸ್ಟೀಲ್ ವೂಲ್ ಬಳಸಿದರೆ ಅದರ ಪುಡಿ ಪಿಕಪ್ಪಿನ ಅಯಸ್ಕಾಂತಕ್ಕೆ ಹತ್ತಿಕೊಳ್ಳುತ್ತದೆ, ಬಿಡಿಸೋದು ಬಹಳ ಕಷ್ಟ. ರೋಸ್‌ವುಡ್‌ನಂಥ ಕಂದು ಮರ ಒಣಗಿ ಬಿಳಚಿಕೊಂಡಿದ್ದರೆ ಮಿನರಲ್ ಆಯಿಲ್ ಎರಡು ಹನಿ ಹಚ್ಚಿ ಒರೆಸಿಬಿಡಿ. ವಾರ್ನಿಷ್ ಇರುವ ತಿಳಿ ಬಣ್ಣದ ಮೇಪಲ್‌ಗೆ ಎಣ್ಣೆ ಬೇಡ. ಬ್ರಿಡ್ಜಿನ (ಗಿಟಾರ್ ಮೈಮೇಲೆ ತಂತಿ ಕೂರುವ ಲೋಹದ ಭಾಗ) ತುಕ್ಕು ಹಿಡಿದ ಸ್ಕ್ರೂಗಳಿಗೆ ಹೊಲಿಗೆ ಮಷಿನ್ನಿನ ಎಣ್ಣೆ ಬಿಟ್ಟು ರಾತ್ರಿಯೆಲ್ಲ ಇಡಿ, ಬೆಳಿಗ್ಗೆ ಅಲೆನ್ ಕೀ ಹಾಕಿ. ಒಣಗಿದ್ದಾಗಲೇ ಬಲ ಹಾಕಿದರೆ ತಲೆ ಸವೆಯುತ್ತದೆ. ಬೆಲ್ಟ್ ಹಾಕುವ ಗುಂಡಿ ಸಡಿಲಾಗಿದ್ದರೆ ತೂತಿಗೆ ಫೆವಿಕಾಲ್ ಹಚ್ಚಿದ ಬೆಂಕಿಕಡ್ಡಿ ತುರುಕಿ, ಒಣಗಿದ ಮೇಲೆ ಸ್ಕ್ರೂ ಹಾಕಿ.

ಹೊಸ ತಂತಿ 9-42 ಸೆಟ್ (ತೆಳ್ಳನೆಯ ಮತ್ತು ದಪ್ಪನೆಯ ತಂತಿಯ ದಪ್ಪ, ಇಂಚಿನ ಸಾವಿರ ಭಾಗದ ಲೆಕ್ಕದಲ್ಲಿ) ಸಾಕು, ಬೆರಳಿಗೆ ಹಗುರ. ಹಾಕುವ ಮೊದಲು ನಟ್ಟಿನ (ನೆಕ್ ತಲೆಯ ಬಳಿ ತಂತಿ ಕೂರುವ ಸಣ್ಣ ಪಟ್ಟಿ, ಸ್ಕ್ರೂ ನಟ್ ಅಲ್ಲ) ಕಚ್ಚುಗಳಲ್ಲಿ ಮೆತ್ತನೆ ಪೆನ್ಸಿಲ್ ಉಜ್ಜಿ. ಶ್ರುತಿ ಮಾಡುವಾಗ ಟಿಣ್ ಅಂತ ಸದ್ದಾಗಿ ತಂತಿ ಜಿಗಿಯೋದು ಅಲ್ಲಿ ಸಿಕ್ಕಿಕೊಂಡು, ತಂತಿ ಬಿಗಿಸುವ ಕೀ ಕೆಟ್ಟಿದೆ ಅಂತ ನಾವು ಸುಮ್ನೆ ಕೀಗಳನ್ನು ಬೈಯುತ್ತೇವೆ. ಕಚ್ಚು ಆಳವಾಗಿ ಸವೆದು ತಂತಿ ಮೊದಲ ಫ್ರೆಟ್ಟಿಗೆ ತಾಗುತ್ತಿದ್ದರೆ ಅದರಲ್ಲಿ ಅಡುಗೆ ಸೋಡಾ ತುಂಬಿ ಒಂದು ಹನಿ ಫೆವಿಕ್ವಿಕ್ ಬಿಡಿ. ಕಲ್ಲಿನಂತೆ ಗಟ್ಟಿಯಾಗುತ್ತದೆ, ಆಮೇಲೆ ಸಣ್ಣ ಅರದಿಂದ ಹೊಸ ಕಚ್ಚು ಮಾಡಬಹುದು.

ಇಲ್ಲಿಂದ ಮುಂದೆ ಕ್ರಮ ತಪ್ಪಬಾರದು: ಮೊದಲು ನೆಕ್, ಆಮೇಲೆ ತಂತಿಯ ಎತ್ತರ, ಕೊನೆಗೆ ಸ್ವರ. ಶ್ರುತಿ ಮಾಡಿ, ದಪ್ಪ ತಂತಿಯನ್ನು ಮೊದಲ ಫ್ರೆಟ್ಟಲ್ಲಿ ಮತ್ತು ಕೊನೆಯ ಫ್ರೆಟ್ಟಲ್ಲಿ ಒತ್ತಿ ಹಿಡಿದು, 7-8ನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್ಟಿಗೂ ನಡುವೆ ಸಂದಿ ಎಷ್ಟಿದೆ ಅಂತ ಫೀಲರ್ ಗೇಜ್ ತೂರಿಸಿ ನೋಡಿ. 0.2ರಿಂದ 0.3 ಮಿ.ಮೀ. ಇದ್ದರೆ ಚೆನ್ನ. ಜಾಸ್ತಿ ಇದ್ದರೆ ಟ್ರಸ್ ರಾಡ್ (ನೆಕ್ ಒಳಗಿನ ಲೋಹದ ಸರಳು) ಅನ್ನು ಗಡಿಯಾರದ ದಿಕ್ಕಿಗೆ ಕಾಲು ಸುತ್ತು ಬಿಗಿ ಮಾಡಿ, ಸಂದಿಯೇ ಇಲ್ಲದಿದ್ದರೆ ಕಾಲು ಸುತ್ತು ಸಡಿಲ ಬಿಡಿ. ಒಂದು ಸಲಕ್ಕೆ ಅಷ್ಟೇ. ಮತ್ತೆ ಶ್ರುತಿ ಮಾಡಿ ಅಳೆಯಿರಿ. ತಿರುಗದೇ ಹಟ ಮಾಡಿದರೆ ಬಲ ಹಾಕಬೇಡಿ.

ಎತ್ತರಕ್ಕೆ 12ನೇ ಫ್ರೆಟ್ ಮೇಲೆ ಸ್ಕೇಲ್ ಇಡಿ. ದಪ್ಪ ತಂತಿಗೆ 2 ಮಿ.ಮೀ., ತೆಳ್ಳನೆಯದಕ್ಕೆ 1.6 ಮಿ.ಮೀ. ಸುಮಾರಿಗೆ ಸ್ಯಾಡಲ್ (ಬ್ರಿಡ್ಜಿನಲ್ಲಿ ಒಂದೊಂದು ತಂತಿ ಕೂರುವ ಸಣ್ಣ ತುಂಡು) ಏರಿಸಿ ಇಳಿಸಿ.

ಸ್ವರ ಕೂರಿಸೋದು ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸ. 12ನೇ ಫ್ರೆಟ್ ಮೇಲೆ ತಂತಿಗೆ ಬೆರಳು ತಾಗಿಸಿ ಮೀಟಿದಾಗ ಬರುವ ಹಾರ್ಮೋನಿಕ್, ಅಲ್ಲೇ ಒತ್ತಿ ಹಿಡಿದಾಗ ಬರುವ ಸ್ವರ, ಎರಡೂ ಒಂದೇ ಆಗಬೇಕು. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ ಎಳೆಯಿರಿ, ಇಳಿದಿದ್ದರೆ ನೆಕ್ ಕಡೆಗೆ ತಳ್ಳಿ. ಮೊಬೈಲ್ ಟ್ಯೂನರ್ ಸಾಕು, ಆದರೆ ಮನೆಯಲ್ಲಿ ಅಥವಾ ಓಣಿಯಲ್ಲಿ ತಂಬೂರಿ ಮುಂದೆ ಕೂತು ಹಾಡು ಕಲಿತ ಕಾಕಾನೋ ಅಕ್ಕನೋ ಇದ್ದರೆ ಪಕ್ಕ ಕೂರಿಸಿಕೊಳ್ಳಿ, ಧಾರವಾಡದಲ್ಲಿ ಅಂಥವರಿಗೇನು ಬರವಿಲ್ಲ ಅಲ್ವಾ, ಅವರ ಕಿವಿ ಚೂರು ವ್ಯತ್ಯಾಸವನ್ನೂ ಹಿಡಿಯುತ್ತದೆ. ಆರೂ ತಂತಿಗೆ ಹೀಗೇ ಮಾಡಿ, ಮರುದಿನ ಇನ್ನೊಮ್ಮೆ ನೋಡಿ. ಹೊಸ ತಂತಿ ಹಿಗ್ಗಿರುತ್ತದೆ.

ಜುಲೈ ತಿಂಗಳ ಧಾರವಾಡದ ಜಿಟಿಜಿಟಿ ಮಳೆಗೆ ಮರ ತೇವ ಕುಡಿದು ನೆಕ್ ಬಾಗು ಬದಲಾಗುತ್ತದೆ, ಏಪ್ರಿಲ್‌ನಲ್ಲಿ ಒಣಗಿ ಫ್ರೆಟ್ ತುದಿ ಕೈಗೆ ಚುಚ್ಚುತ್ತದೆ, ಗದಗಿನ ಕಡೆ ಇನ್ನೂ ಜಾಸ್ತಿ. ಅದಕ್ಕೆ ಮಳೆಗಾಲ ಶುರುವಾದಾಗ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ನೆಕ್ ಅಳೆಯಿರಿ. ಚುಚ್ಚುವ ತುದಿಗಳನ್ನು ಸಣ್ಣ ಅರ ಓರೆಯಾಗಿ ಹಿಡಿದು ಉಜ್ಜಿ.

ಇಷ್ಟಾದ ಮೇಲೂ ದುಡ್ಡು ಹಾಕುವ ಮನಸ್ಸಿದ್ದರೆ ಪಿಕಪ್‌ಗಿಂತ ಮೊದಲು ಒಳ್ಳೆಯ ಟ್ಯೂನಿಂಗ್ ಕೀ ತಗೊಳ್ಳಿ. ಅಗ್ಗದ ಗಿಟಾರ್‌ಗಳಲ್ಲಿ ಬಹಳಷ್ಟು 1954ರಲ್ಲಿ ಬಂದ ಫೆಂಡರ್ ಸ್ಟ್ರಾಟೋಕಾಸ್ಟರ್ ನಕಲೇ ಆದರೂ ತೂತಿನ ಅಳತೆ, ಬ್ರಿಡ್ಜಿನ ಸ್ಕ್ರೂ ಅಂತರ ಒಂದರಂತೆ ಇನ್ನೊಂದಿರೋದಿಲ್ಲ. ಹಳೆಯದನ್ನು ಅಳೆದೇ ಆರ್ಡರ್ ಮಾಡಿ.