ಅಡಿಕೆ ಸಿಪ್ಪೆ ಮಣ್ಣಿನ ಮೇಲಿರಲಿ, ಒಳಗೆ ಬೇಡ

ಹಸಿ ಅಡಿಕೆ ಸುಲಿಯುವ ಯಂತ್ರಗಳು ಬಂದ ಮೇಲೆ ಮಲೆನಾಡಿನಲ್ಲಿ ಕೊಯ್ಲು ಮುಗಿಯುವಷ್ಟರಲ್ಲಿ ಮನೆಮನೆಯ ಮುಂದೆ ಸಿಪ್ಪೆಯ ಗುಡ್ಡ ಏಳುತ್ತದೆ. ಕಾಯಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸಿಪ್ಪೆಯದೇ. ಹಲವರು ರಸ್ತೆ ಬದಿಗೆ ಸುರಿದು ಬೆಂಕಿ ಇಡುತ್ತಾರೆ. ಅದು ಉರಿಯುವುದೂ ಇಲ್ಲ, ಆರುವುದೂ ಇಲ್ಲ, ದಿನಗಟ್ಟಲೆ ಹೊಗೆಯಾಡುತ್ತದೆ. ದುಡ್ಡು ಕೊಟ್ಟು ಗೊಬ್ಬರ ತರಿಸುವವರೇ ಹೀಗೆ ಮಾಡುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಮ್ಮ ಮನೆಯ ಸಿಪ್ಪೆ ತೋಟದ ಬೇಲಿ ದಾಟುವುದಿಲ್ಲ.

ಹಾಗೆಂದು ಹಸಿ ಸಿಪ್ಪೆಯನ್ನು ಬುಡ ಬಿಡಿಸಿ ಮಣ್ಣಿಗೆ ಸೇರಿಸುವುದನ್ನೂ ನಾನು ಒಪ್ಪುವುದಿಲ್ಲ. ನಾರು, ಬೇಗ ಕೊಳೆಯದ ಲಿಗ್ನಿನ್ ಎಂಬ ಗಡಸು ಅಂಶ ತುಂಬಿದ ಈ ಸಿಪ್ಪೆಯಲ್ಲಿ ಇಂಗಾಲ ಬಹಳ, ಸಾರಜನಕ ಕಡಿಮೆ. ಕೊಳೆಯಿಸುವ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಸುತ್ತಲಿನ ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ. ಇದನ್ನು ಕಣ್ಣಾರೆ ನೋಡಲೆಂದೇ ನರ್ಸರಿ ಚೀಲಗಳಲ್ಲಿ ಮೆಕ್ಕೆಜೋಳ ಬಿತ್ತಿದೆ. ಕೆಲವಕ್ಕೆ ಬರೀ ಮಣ್ಣು, ಕೆಲವಕ್ಕೆ ಕೊಚ್ಚಿದ ಹಸಿ ಸಿಪ್ಪೆ ಬೆರೆಸಿದ ಮಣ್ಣು, ಇನ್ನು ಕೆಲವಕ್ಕೆ ಚೆನ್ನಾಗಿ ಕಳಿತ ಸಿಪ್ಪೆ. ಮೊಳಕೆಯೇನೋ ಎಲ್ಲದರಲ್ಲೂ ಬಂತು. ಗಿಡ ಗೇಣುದ್ದ ಬೆಳೆಯುವಾಗ ಹಸಿ ಸಿಪ್ಪೆಯ ಚೀಲಗಳಲ್ಲಿ ಕೆಳಗಿನ ಎಲೆಗಳು ತುದಿಯಿಂದ ಹಳದಿಯಾಗತೊಡಗಿದವು. ಹಳದಿ ನಡುನರದ ಗುಂಟ ಒಳಗಿಳಿಯುತ್ತಿತ್ತು, ಅಂಚು ಮಾತ್ರ ಇನ್ನೂ ಹಸಿರಾಗಿಯೇ ಇತ್ತು. ಸಾರಜನಕ ಸಾಲದ ಜೋಳದ ಗುರುತೇ ಇದು. ನೀರು ಬೆರೆಸಿದ ಗಂಜಲ ಹಾಕಿದ ಮೇಲೆ ಹೊಸ ಸುಳಿ ಹಸಿರಾಗಿ ಬಂತು. ಕಳಿತ ಸಿಪ್ಪೆಯ ಗಿಡಗಳಿಗೆ ಈ ತೊಂದರೆಯೇ ಇರಲಿಲ್ಲ.

ಅದಕ್ಕೇ ನನ್ನ ಲೆಕ್ಕದಲ್ಲಿ ಸಿಪ್ಪೆ ಮೊದಲು ಹೊದಿಕೆ, ಆಮೇಲೆ ಗೊಬ್ಬರ. ಬೇಸಿಗೆಗೆ ಮುಂಚೆ ಕಾಂಡಕ್ಕೆ ತಾಗದಂತೆ ಬುಡದ ಸುತ್ತ ಹರಡುತ್ತೇನೆ. ಮೇಲೆ ಹಾಸಿದ ಸಿಪ್ಪೆಗೆ ಮಣ್ಣು ತಾಗುವುದು ಅಡಿಯಲ್ಲಷ್ಟೇ, ಹಾಗಾಗಿ ಬೇರಿನ ಪಾಲಿನ ಸಾರಜನಕಕ್ಕೆ ಅದು ಕೈ ಹಾಕುವುದಿಲ್ಲ. ಏಪ್ರಿಲ್‌ನ ಬಿಸಿಲಲ್ಲೂ ಹೊದಿಕೆ ಸರಿಸಿ ನೋಡಿದರೆ ಮಣ್ಣು ತಣ್ಣಗೆ, ಉದುರುದುರಾಗಿ ಇರುತ್ತದೆ. ಬಿಳಿ ಬೇರುಗಳು ಮೇಲಕ್ಕೇ ಬಂದಿರುತ್ತವೆ.

ಮಿಕ್ಕ ಸಿಪ್ಪೆ ರಾಶಿಗೆ. ಒಣಗಿದ ಸಿಪ್ಪೆ ಸುಲಭವಾಗಿ ನೀರು ಹೀರುವುದಿಲ್ಲ, ಮೇಲೆ ಸುರಿದದ್ದು ಹಾಗೇ ಜಾರಿ ಹೋಗುತ್ತದೆ. ಮೊದಲ ಮಳೆಗೆ ನೆನೆಯಲು ಬಿಟ್ಟು, ನಂತರ ಸಗಣಿ ಬಗ್ಗಡ, ಗ್ಲಿರಿಸಿಡಿಯಾ ಸೊಪ್ಪು ಪದರಪದರವಾಗಿ ಸೇರಿಸುತ್ತೇನೆ. ಅಡಿಕೆ ಬೇಯಿಸಿ ಮಿಕ್ಕ ಚೊಗರನ್ನು ಮಾತ್ರ ಇದಕ್ಕೆ ಸುರಿಯುವುದಿಲ್ಲ. ಅದರ ಟ್ಯಾನಿನ್ ಎಂಬ ಒಗರು ಅಂಶ ಕೊಳೆಯುವುದನ್ನು ತಡೆಯುತ್ತದೆ. ಆಮೇಲೆ ರಾಶಿಯನ್ನು ಸೋಗೆಯಿಂದ ಮುಚ್ಚಲೇಬೇಕು. ಪೊಟ್ಯಾಷ್ ನೀರಿನಲ್ಲಿ ಕರಗುವಂಥದ್ದು, ನಮ್ಮ ಜಡಿಮಳೆಗೆ ಬಿಟ್ಟರೆ ಸಾರವೆಲ್ಲ ಹಳ್ಳದ ಪಾಲು. ಮಗುಚುವಾಗ ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿಯ ದಪ್ಪ ಹುಳುಗಳು ಸಿಕ್ಕರೆ ಹೆಕ್ಕಿ ಕೋಳಿಗೆ ಹಾಕುತ್ತೇವೆ.

ರಾಶಿಯ ಬಿಸಿ ಆರಿ, ನಾರು ಎರಡು ಬೆರಳಲ್ಲಿ ಎಳೆದರೆ ತುಂಡಾಗುವಂತಿದ್ದರೆ ಬುಡಕ್ಕೆ ಹಾಕಬಹುದು. ಹಾಗೆಂದು ಉಳಿದ ಗೊಬ್ಬರವನ್ನು ಪೂರ್ತಿ ನಿಲ್ಲಿಸಿಲ್ಲ. ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬುದು ಶಿಫಾರಸು. ಅಷ್ಟನ್ನೂ ಸಿಪ್ಪೆಯೊಂದರಿಂದಲೇ ತುಂಬಿಸುತ್ತೇನೆ ಎನ್ನುವವರ ತೋಟವನ್ನು ನಾನಿನ್ನೂ ನೋಡಿಲ್ಲ.